ಹತ್ತನೇ ಲೈನಿನ ಪ್ರಿಂಟರು

ನಮ್ಮ ಮನೆಯ ಇಂಟರ್ನೆಟ್ ಡಬ್ಬಿಯನ್ನು ರಿಪೇರಿ ಮಾಡಲು ಬಂದವರೆಲ್ಲ ಕೇಳುವುದು ಒಂದೇ ಪ್ರಶ್ನೆ. "ಸಾರ್, ಇದರ ಒಳಗಿನ ನಂಬರ್ ಯಾರು ಬದಲಾಯ್ಸಿದ್ದು? ಗೂಡಲೂರಲ್ಲಿ ಯಾರ ಮನೇಲೂ ಹಿಂಗಿಲ್ಲ." ನಾನು "ಆಫೀಸ್ ಆರ್ಡರು" ಎನ್ನುತ್ತೇನೆ. ಅವರು ನನ್ನನ್ನು ಯಾವುದೋ ದೊಡ್ಡ ಅಧಿಕಾರಿ ಎಂದುಕೊಂಡು ಸುಮ್ಮನಾಗುತ್ತಾರೆ. ನಾನು ಬಜಾರಿನಲ್ಲಿ ಬಲ್ಬು, ವೈರು, ಸ್ವಿಚ್ಚು ಮಾರುವವನು. ಆರ್ಡರು ಕೊಟ್ಟವರು ನಮ್ಮ ಮಾಳಿಗೆಯಲ್ಲಿ ಆರು ವರ್ಷ ಬಾಡಿಗೆಗಿದ್ದ ಒಬ್ಬ ಹೆಂಗಸು. ಹೋದ ತಿಂಗಳು ಕೂನೂರಿನಲ್ಲಿ ತಂಗಿಯ ಮನೆಯಲ್ಲಿ ತೀರಿಕೊಂಡರಂತೆ. ಸುದ್ದಿ ಕೇಳಿ ನನ್ನ ಹೆಂಡತಿ ಮೊದಲು ಅತ್ತಳು, ಆಮೇಲೆ ಅವರ ಒಂದೊಂದೇ ವರಸೆ ನೆನಪಾಗಿ ನಕ್ಕಳು. ನಾನೂ ಅದೇ ಕ್ರಮದಲ್ಲಿ ಎರಡನ್ನೂ ಮಾಡಿದೆ.

ಅವರಿಗೆ ಹೆಸರಿತ್ತು, ಆದರೆ ಅದನ್ನು ಕರೆಯುವವರು ಯಾರೂ ಇರಲಿಲ್ಲ. ದೇವಾಲದ ಹತ್ತಿರದ ಒಂದು ಟೀ ಎಸ್ಟೇಟಿನ ಆಫೀಸಿನಲ್ಲಿ ಟೈಪಿಸ್ಟಾಗಿ ಸೇರಿ, ಹೆಡ್ ಕ್ಲಾರ್ಕಾಗಿ ರಿಟೈರ್ ಆದವರು. ಅಲ್ಲಿ ಎಲೆ ಕೀಳುವ ಹೆಂಗಸರೆಲ್ಲ ಅವರನ್ನು 'ಆಫೀಸಮ್ಮ' ಎನ್ನುತ್ತಿದ್ದರು. ನಮ್ಮ ಮನೆಗೆ ಬಂದಾಗ ಟ್ರಂಕು, ಟೇಬಲ್ಲುಗಳ ಜೊತೆ ಆ ಹೆಸರೂ ಬಂತು. ಅವರ ತಂದೆ ಗುಂಡ್ಲುಪೇಟೆ ಕಡೆಯಿಂದ ದೇವಾಲಕ್ಕೆ ಬಂದು ಬಟ್ಟೆ ಅಂಗಡಿ ಇಟ್ಟವರು. ಹಾಗಾಗಿ ಆಫೀಸಮ್ಮನಿಗೆ ಮನೆಯಲ್ಲಿ ಕನ್ನಡ, ಆಫೀಸಿನಲ್ಲಿ ತಮಿಳು, ಸಂತೆಯಲ್ಲಿ ಮಲಯಾಳ. ಸಿಟ್ಟು ಬಂದರೆ ಮಾತ್ರ ಇಂಗ್ಲಿಷು, ಅದೂ ಆಫೀಸ್ ಮೆಮೋ ಕೊಡುವಂಥ ಇಂಗ್ಲಿಷು. ನೀರಿನ ಮೋಟಾರು ಹಾಕಲು ನಾನು ಮರೆತ ಒಂದು ದಿನ ಅಂಥದೊಂದು ಮೆಮೋ ಬಾಗಿಲ ಸಂದಿಯಿಂದ ತೂರಿ ಬಂದಿತ್ತು. ಕೊನೆಯಲ್ಲಿ 'ಪ್ರತಿ: ಮನೆ ಯಜಮಾನಿಯವರಿಗೆ' ಎಂದು ಇತ್ತು. ಪ್ರತಿಯನ್ನು ನಿಜವಾಗಿಯೂ ಅಡುಗೆಮನೆ ಕಿಟಕಿಯಲ್ಲಿ ನನ್ನ ಹೆಂಡತಿಗೆ ಕೊಟ್ಟು ಹೋಗಿದ್ದರು.

ಗೂಡಲೂರಿನ ಏಪ್ರಿಲ್ ಸೆಕೆಯಲ್ಲೂ ಬೂದು ಬಣ್ಣದ ಸ್ವೆಟರು ಹಾಕುತ್ತಿದ್ದರು. "ಇದು ಚಳಿಗಲ್ಲ ತಂಬಿ, ಡ್ಯೂಟಿಗೆ" ಎಂದಿದ್ದರು ಒಮ್ಮೆ. ಡ್ಯೂಟಿ ಎಂದರೆ ಭಾನುವಾರದ ಡ್ಯೂಟಿ. ನಮ್ಮ ಕಡೆ ಅರ್ಜಿಯನ್ನು 'ಮನು' ಎಂದೇ ಹೇಳುವುದು. ಪ್ರತಿ ಭಾನುವಾರ ಬೆಳಿಗ್ಗೆ ದೇವಾಲದ ಬಸ್ಸಿನಿಂದ ಇಳಿದು, ಮನು ಬರೆಸಿಕೊಳ್ಳಲು ಎಸ್ಟೇಟಿನ ಲೈನ್‌ಮನೆಗಳ, ಅಂದರೆ ಕೂಲಿಯವರ ಸಾಲುಮನೆಗಳ, ಜನ ಬರುತ್ತಿದ್ದರು. ನಮ್ಮ ಮೆಟ್ಟಿಲ ಮೇಲೆ, ಬಂದ ಸರದಿಯಂತೆ, ಮೆಟ್ಟಿಲಿಗೊಬ್ಬರು ಕೂರಬೇಕು. ಮೇಲಿನವರ ಕೆಲಸ ಮುಗಿದರೆ ಎಲ್ಲರೂ ಎದ್ದು ಒಂದೊಂದು ಮೆಟ್ಟಿಲು ಮೇಲಕ್ಕೆ. ನಾನು ಕೆಳಗಿಳಿಯಬೇಕಾದರೆ ಅಷ್ಟೂ ಜನರ ಕಾಲು ದಾಟಬೇಕಿತ್ತು. ಗೊಣಗಿದ್ದುಂಟು. ಆದರೆ ಅವರು ಬರಿಗೈಯಲ್ಲಿ ಬರುತ್ತಿರಲಿಲ್ಲ. ಹಸಿ ಶುಂಠಿ, ಗಾಂಧಾರಿ ಮೆಣಸು, ಹಲಸಿನ ಹಣ್ಣು ಏನಾದರೂ ತರುತ್ತಿದ್ದರು, ಅದರಲ್ಲಿ ಅರ್ಧ ನಮ್ಮ ಅಡುಗೆಮನೆಗೆ ಇಳಿಯುತ್ತಿತ್ತು. ಹಲಸಿನ ಹಣ್ಣು ತಿಂದುಕೊಂಡು ಗೊಣಗುವುದು ಕಷ್ಟ.

ಆಫೀಸಮ್ಮ ಮನು ಬರೆಯುವ ಕ್ರಮವನ್ನು ನೋಡಬೇಕಿತ್ತು. ಮೊದಲು ಮೂರು ಪ್ರಶ್ನೆ: ಯಾರಿಗೆ, ಏನು, ಎಂದಿನಿಂದ. ಬಂದವರು ತಮ್ಮ ಮದುವೆಯಿಂದ ಶುರು ಮಾಡಿದರೆ "ಅದು ಬೇರೆ ಮನು" ಎಂದು ತಡೆಯುತ್ತಿದ್ದರು. ಯಾರಾದರೂ ಅತ್ತರೆ ಅಳು ಮುಗಿಯುವ ತನಕ ಸುಮ್ಮನೆ ಕಾಯುತ್ತಿದ್ದರು, ಆಮೇಲೆ ಹೇಳುತ್ತಿದ್ದರು: "ಅತ್ತಾಯ್ತಲ್ಲ, ಅದು ಇಲ್ಲೇ ಇರ್ಲಿ. ಕಾಗದದಾಗೆ ಬ್ಯಾಡ. ಆಫೀಸರು ದಿನಕ್ಕೆ ಐವತ್ತು ಕಾಗದ ಓದ್ತಾರೆ. ಕಣ್ಣೀರಿರೋ ಕಾಗದ ಅಡಿಗೆ ಹೋಗುತ್ತೆ, ನಂಬರಿರೋ ಕಾಗದ ಮೇಲೆ ಬರುತ್ತೆ." ಬರೆದ ಮೇಲೆ ಅದನ್ನು ಎರಡು ಸಲ ಗಟ್ಟಿಯಾಗಿ ಓದುವರು, ಓದು ಬಾರದವರಿಗೂ ತಮ್ಮ ಕಾಗದದಲ್ಲಿ ಏನಿದೆ ಎಂದು ಪೂರ್ತಿ ಗೊತ್ತಿರಬೇಕು ಎಂದು. "ಅಲ್ಲಿ ಹೋಗಿ ಕೇಳಿದ್ರೆ 'ಆಫೀಸಮ್ಮಂಗೆ ಗೊತ್ತು' ಅನ್ನಬಾರದು, ಸರಿಯಾ?" ಎನ್ನುವರು. ಕಳಿಸಿಕೊಡುವಾಗ ಕಾಗದವನ್ನು ಮಡಿಸಿ ಕವರಿಗೆ ಹಾಕಿ ಅಂಟಿಸುವರು. ಒಂದು ಸಲ ನಾನು, ಬಜಾರಿನ ಜೆರಾಕ್ಸ್ ಅಂಗಡಿಯಲ್ಲಿ ಎಲ್ಲವನ್ನೂ ಟೈಪ್ ಮಾಡಿ ಕೊಡುತ್ತಾರಲ್ಲ, ಈ ವಯಸ್ಸಿನಲ್ಲಿ ಯಾಕೆ ಇಷ್ಟು ಕಷ್ಟ ಎಂದೆ. ನನ್ನನ್ನು ಕನ್ನಡಕದ ಮೇಲಿಂದ ನೋಡಿದರು. "ಆ ಅಂಗಡಿ ಕೌಂಟರಲ್ಲಿ ಕಾಗದ ಬಿದ್ದಿರುತ್ತೆ. ಬಂದೋರೆಲ್ಲ ಓದ್ತಾರೆ. ನಿಮ್ಮ ಹೆಂಡ್ತಿ ಡಾಕ್ಟರ ಹತ್ರ ಹೇಳಿದ್ದನ್ನ ನೋಟೀಸ್ ಬೋರ್ಡಿಗೆ ಹಾಕ್ತೀರಾ?" ಎಂದರು. ನಾನು ಆ ಮಾತನ್ನು ಮತ್ತೆ ಎತ್ತಲಿಲ್ಲ.

ಈಗ ಪ್ರಿಂಟರಿನ ವಿಷಯ. ಎಸ್ಟೇಟಿನವರು ರಿಟೈರ್ ಆದವರಿಗೆ ಶಾಲು ಹೊದೆಸಿ ಗೋಡೆ ಗಡಿಯಾರ ಕೊಡುವುದು ಪದ್ಧತಿ. ಇವರು "ಗಡಿಯಾರ ಇದೆ, ಗುಜರಿಗೆ ಹೋಗೋ ಆ ಪ್ರಿಂಟರ್ ಕೊಡಿ" ಎಂದು ಕೇಳಿ ಪಡೆದರಂತೆ. ಅದು ಆಫೀಸಿನ ಎಲ್ಲ ಕಂಪ್ಯೂಟರುಗಳಿಗೂ ಕೇಬಲಿನ ಮೂಲಕ ಸೇರಿಕೊಂಡು ದುಡಿದ ಹಳೆಯ ಯಂತ್ರ. ಮಾಳಿಗೆಗೆ ಹೊರಲು ಇಬ್ಬರು ಬೇಕಾದರು, ಇಬ್ಬರಲ್ಲಿ ಒಬ್ಬ ನಾನು, ನನ್ನ ಸೊಂಟಕ್ಕೆ ಇನ್ನೂ ನೆನಪಿದೆ. ನಾಲ್ಕು ವರ್ಷ ಅದು ಟೇಬಲ್ಲಿನ ಮೇಲೆ ಹೂವಿನ ಬೆಡ್‌ಶೀಟು ಹೊದ್ದು ಸುಮ್ಮನೆ ಕೂತಿತ್ತು. ಆಮೇಲೆ ಒಂದು ದಿನ ಆಫೀಸಮ್ಮ ನನ್ನನ್ನು ಕರೆದರು. ಕೂನೂರಿನ ತಂಗಿಯ ಮಗಳು ಓದು ಮುಗಿಸಿ ಬಿಟ್ಟ ಲ್ಯಾಪ್‌ಟಾಪೊಂದು ಪ್ರಿಂಟರಿನ ಪಕ್ಕದಲ್ಲಿ ಬಂದು ಕೂತಿತ್ತು.

"ತಂಬಿ, ಇದರ ಮುಂದೆ ತಮಿಳಲ್ಲಿ ಮಾತಾಡಿದ್ರೆ ಅದೇ ಟೈಪ್ ಮಾಡ್ಕೊಳುತ್ತೆ. ಆದ್ರೆ ಅದಕ್ಕೆ ಇಂಟರ್ನೆಟ್ ಬೇಕು. ನಿಮ್ಮ ಮನೆದು ಮೇಲಕ್ಕೂ ಬರುತ್ತೆ, ಅದು ಸರಿ. ಪ್ರಿಂಟರ್ ಕೇಬಲ್ ಚುಚ್ಚಿದ ಕೂಡ್ಲೇ ಇಂಟರ್ನೆಟ್ ಹೋಗುತ್ತೆ. ಕೇಬಲ್ ತೆಗೆದ್ರೆ ಇಂಟರ್ನೆಟ್ ಬರುತ್ತೆ, ಪ್ರಿಂಟರ್ ಹೋಗುತ್ತೆ. ಎರಡೂ ಒಟ್ಟಿಗೆ ಇರೋ ಹಾಗೆ ಮಾಡ್ಕೊಡಿ."

ಬಲ್ಬು ಮಾರುವವನಿಗೆ ಇದೆಲ್ಲ ಬರುತ್ತದೆ ಎಂಬುದು ಊರಿನ ನಂಬಿಕೆ. ಆ ನಂಬಿಕೆಯನ್ನು ಕೆಡಿಸಲು ನನಗೂ ಮನಸ್ಸು ಬಾರದು. "ಟೈಪಿಂಗ್ ನಿಮಗೆ ನೀರು ಕುಡಿದ ಹಾಗೆ, ಮಾತಾಡಿ ಬರೆಸೋದು ಯಾಕಮ್ಮ?" ಎಂದೆ. "ಮೂವತ್ತು ವರ್ಷ ಅವರು ಹೇಳಿದ್ರು, ನಾನು ಟೈಪ್ ಮಾಡ್ದೆ. ಇನ್ನು ನಾನು ಹೇಳ್ತೀನಿ, ಅದು ಮಾಡ್ಲಿ" ಎಂದರು. ಉತ್ತರ ಚೆನ್ನಾಗಿತ್ತು, ನಂಬಿದೆ. ಜಮಾಬಂದಿಗೆ ಇನ್ನು ಹತ್ತು ದಿನ ಇತ್ತು. ವರ್ಷಕ್ಕೊಮ್ಮೆ ತಾಲ್ಲೂಕು ಆಫೀಸಿನಲ್ಲಿ ಮೇಲಿನ ಅಧಿಕಾರಿ ಕೂತು ಜನರಿಂದ ನೇರವಾಗಿ ಮನು ತೆಗೆದುಕೊಳ್ಳುವ ದಿನ ಅದು. ದೇವಾಲದ ಒಂದು ಲೈನಿಗೆ ಹೋಗುವ ದಾರಿಯಲ್ಲಿ ತೊರೆಯ ಮೇಲಿನ ಮೋರಿ ಮಳೆಗೆ ಕೊಚ್ಚಿಹೋಗಿತ್ತು. ಹೆರಿಗೆ ನೋವು ಬಂದವರನ್ನು ಕುರ್ಚಿಯಲ್ಲಿ ಕೂರಿಸಿ ಹೊತ್ತು ದಾಟಿಸುತ್ತಿದ್ದರು. ಆ ಮನುವನ್ನು ಪ್ರಿಂಟರಿನಲ್ಲೇ ತೆಗೆಯಬೇಕು ಎಂದು ಆಫೀಸಮ್ಮ ಹಟ ಹಿಡಿದಿದ್ದರು.

ಅಂಗಡಿ ಮುಚ್ಚಿ ಬಂದು ನಾಲ್ಕು ಸಂಜೆ ಅದರ ಮುಂದೆ ಕೂತೆ. ಮೊದಲು ಪ್ರಿಂಟರಿನ ಕೇಬಲನ್ನು ಲ್ಯಾಪ್‌ಟಾಪಿನಿಂದ ಕಿತ್ತು, ಉದ್ದ ಕೇಬಲ್ ಎಳೆದು, ಕೆಳಗಿನ ನಮ್ಮ ಡಬ್ಬಿಗೆ ಸಿಕ್ಕಿಸಿದೆ. ಲ್ಯಾಪ್‌ಟಾಪ್ ಗಾಳಿಯಲ್ಲಿ ಡಬ್ಬಿಯನ್ನು ಮುಟ್ಟುತ್ತದೆ, ಪ್ರಿಂಟರು ತಂತಿಯಲ್ಲಿ ಮುಟ್ಟುತ್ತದೆ, ಇಬ್ಬರೂ ಅಲ್ಲೇ ಮಾತಾಡಿಕೊಳ್ಳಲಿ ಎಂದು ನನ್ನ ಲೆಕ್ಕಾಚಾರ. ದೀಪ ಹಸಿರಾಗಿ ಉರಿಯಿತು. ಆದರೆ ಲ್ಯಾಪ್‌ಟಾಪು ಮಾತ್ರ ಪ್ರಿಂಟರೇ ಇಲ್ಲ ಎಂದಿತು. ಎರಡನ್ನೂ ಆರಿಸಿ ಹಚ್ಚಿದೆ. ಕೇಬಲ್ ಬದಲಿಸಿದೆ. ಅಂಗಡಿಯಿಂದ ಹೊಸ ಕೇಬಲ್ ತಂದು ಅದನ್ನೂ ಬದಲಿಸಿದೆ. ಆಫೀಸಮ್ಮ ಹಿಂದೆ ಕುರ್ಚಿ ಹಾಕಿಕೊಂಡು, ಪರೀಕ್ಷೆ ಹಾಲಿನಲ್ಲಿ ನಿಂತ ಮೇಷ್ಟರ ಹಾಗೆ ನೋಡುತ್ತಿದ್ದರು. ನಡುವೆ ಚಹಾ ಕೊಡುವರು, ದೇವಾಲದ ಒಳ್ಳೆಯ ಎಲೆ ಚಹಾ, ಆದರೆ ಯಾವಾಗಲೂ ಅರ್ಧ ಲೋಟ. ಕೆಳಗೆ ಬಂದು ಹೆಂಡತಿಯ ಹತ್ತಿರ, ಇವರ ಕೈ ಯಾಕೋ ಬಿಗಿ ಎಂದು ಆಡಿಕೊಂಡೆ.

ಮೂರನೆಯ ಸಂಜೆ, ಹಳೆಯ ಪ್ರಿಂಟರುಗಳಲ್ಲಿ ಒಂದು ಗುಂಡಿಯನ್ನು ಒತ್ತಿ ಹಿಡಿದರೆ ಅದು ತನ್ನ ಜಾತಕವನ್ನು ತಾನೇ ಅಚ್ಚು ಹಾಕಿ ಕೊಡುತ್ತದೆ ಎಂದು ಗೊತ್ತಾಯಿತು. ಒತ್ತಿದೆ. ಹಾಳೆ ಬಂತು. ನೋಡಿದರೆ ರೋಗ ಅಲ್ಲೇ ಇತ್ತು. ಎಸ್ಟೇಟ್ ಆಫೀಸಿನವರು ಪ್ರಿಂಟರಿಗೆ ಒಂದು ಖಾಯಂ ನಂಬರು ಬರೆದಿಟ್ಟಿದ್ದರು, ಹತ್ತರ ಸಾಲಿನದು. ನಮ್ಮ ಮನೆಯ ಡಬ್ಬಿ ಹಂಚುವ ನಂಬರುಗಳೆಲ್ಲ ಒಂದರ ಸಾಲಿನವು. ಸಾಲು ಬೇರೆಯಾದರೆ ಒಂದೇ ಡಬ್ಬಿಗೆ ಸಿಕ್ಕಿಸಿದರೂ ಒಂದಕ್ಕೊಂದು ಗುರುತು ಹಿಡಿಯುವುದಿಲ್ಲ.

"ಅಮ್ಮ, ಈ ನಂಬರ್ ಒಂದು ಚೀಟೀಲಿ ಬರ್ಕೊಡಿ, ನಾನು ಕೆಳಗೆ ಹೋಗಿ ನೋಡ್ತೀನಿ" ಎಂದೆ.

ಅವರು ಪೆನ್ನು ತೆಗೆದುಕೊಂಡರು, ಚೀಟಿಯ ಮೇಲೆ ಇಟ್ಟರು, ಮತ್ತೆ ತೆಗೆದರು. "ನೀವೇ ಬರ್ಕೊಳಿ, ನನ್ನ ಕನ್ನಡಕ ಸರಿ ಇಲ್ಲ" ಎಂದರು. ಕನ್ನಡಕ ಸರಿಯಾಗಿಯೇ ಮೂಗಿನ ಮೇಲಿತ್ತು. ಆಗ ಆ ಬಲಗೈ ನೋಡಿದೆ. ಪೆನ್ನಿನ ತುದಿ ನಿಲ್ಲದೆ ನಡುಗುತ್ತಿತ್ತು. ಅರ್ಧ ಲೋಟ ಚಹಾ ಯಾಕೆ ಎಂದು ಅರ್ಥವಾಗಿ ನನಗೆ ನನ್ನ ಮೇಲೇ ನಾಚಿಕೆಯಾಯಿತು.

ಅವರಿಗೂ ಗೊತ್ತಾಯಿತು, ನನಗೆ ಗೊತ್ತಾದದ್ದು. ಪೆನ್ನಿನ ಮುಚ್ಚಳ ಹಾಕಿಟ್ಟು ಹೇಳಿದರು: "ಎರಡು ವರ್ಷ ಆಯ್ತು. ಟೈಪ್ ಮಾಡಕ್ಕೆ ಹೋದ್ರೆ ಒಂದಕ್ಷರ ನಾಲ್ಕು ಸಲ ಬೀಳುತ್ತೆ. ಕೈಯಲ್ಲಿ ಬರೆದಿದ್ದು ನಂಗೇ ಓದಕ್ಕಾಗಲ್ಲ, ನೆನಪಿಂದ ಓದಿ ಹೇಳ್ತೀನಿ. ಇಷ್ಟು ದಿನ ಹೆಂಗೋ ಬರೆದುಕೊಟ್ಟೆ, ಆಫೀಸಲ್ಲಿ ಹೆಂಗೋ ತಗೊಂಡ್ರು. ಮೋರಿ ಮನುಗೆ ಅದಾಗಲ್ಲ ತಂಬಿ. ಅದು ಓದಕ್ಕೆ ಬರ್ಲೇಬೇಕು. ಇದು ಲೈನಿನವರಿಗೆ ಗೊತ್ತಾಗಬಾರದು. ಗೊತ್ತಾದ್ರೆ ಪಾಪ ಅಂತಾರೆ, ನಾಳೆಯಿಂದ ಬರಲ್ಲ."

ಭಾನುವಾರ ಯಾರೂ ಬಾರದ ಆ ಮೆಟ್ಟಿಲನ್ನು ಯೋಚಿಸಿದೆ. ನನಗೆ ಕಾಲಿಡಲು ಜಾಗವಾಗುತ್ತಿತ್ತು ನಿಜ, ಆದರೆ ಅವರು ಸ್ವೆಟರು ಹಾಕಿಕೊಂಡು ಯಾರಿಗಾಗಿ ಕೂರುತ್ತಿದ್ದರು? ನಾನು ಯಾರಿಗೂ ಹೇಳುವುದಿಲ್ಲ ಎಂದೆ. ಹೆಂಡತಿಗೂ ಹೇಳಲಿಲ್ಲ, ನಮ್ಮ ಮನೆಯಲ್ಲಿ ಅದು ದೊಡ್ಡ ದಾಖಲೆ.

ಪ್ರಿಂಟರಿನ ನಂಬರನ್ನು ಬದಲಿಸಿದರೆ ಐದು ನಿಮಿಷದ ಕೆಲಸ. ಅದರ ಹಲಗೆಯ ಗುಂಡಿಗೆ ಕೈ ಹಾಕಿದೆ. "ಕೈ ತೆಗೀರಿ" ಎಂಬ ಧ್ವನಿ ಬಂತು, ಹೆಡ್ ಕ್ಲಾರ್ಕಿನ ಧ್ವನಿ. ಪ್ರಿಂಟರಿನ ಎಡಬದಿಗೆ ಅಂಟಿಸಿದ್ದ ಚೀಟಿಯನ್ನು ತೋರಿಸಿದರು. ಮುತ್ತು ಪೋಣಿಸಿದ ಹಾಗಿರುವ ಅಕ್ಷರದಲ್ಲಿ, ತಮಿಳಿನಲ್ಲಿ ಮತ್ತು ಇಂಗ್ಲಿಷಿನಲ್ಲಿ, 'ಈ ಯಂತ್ರದ ನಂಬರನ್ನು ಯಾರೂ ಬದಲಿಸಕೂಡದು, ಆಜ್ಞೆ ಮೇರೆಗೆ' ಎಂದು ಬರೆದಿತ್ತು.

ಕಾರಣ ಹೇಳಿದರು. ಆಫೀಸಿಗೆ ಹೊಸದಾಗಿ ಬಂದ ಒಬ್ಬ ಅಸಿಸ್ಟೆಂಟು ಬುದ್ಧಿವಂತಿಕೆ ತೋರಿಸಲು ಒಂದು ಮಧ್ಯಾಹ್ನ ಈ ನಂಬರನ್ನು ಬದಲಿಸಿಬಿಟ್ಟಿದ್ದ. ಆಫೀಸಿನ ಯಾವ ಕಂಪ್ಯೂಟರಿಗೂ ಪ್ರಿಂಟರು ಸಿಗಲಿಲ್ಲ. ಎಲೆ ತೂಕದ ಚೀಟಿ ಬಾರದೆ, ಕಿತ್ತ ಎಲೆಯ ಮೂಟೆ ಬೆನ್ನಿಗಿಟ್ಟುಕೊಂಡು ನೂರಾರು ಹೆಂಗಸರು ಕತ್ತಲಾಗುವ ತನಕ ಮಳೆಯಲ್ಲಿ ನಿಂತರು. ಆ ದಿನದ ಆಜ್ಞೆ ಅದು.

"ಆಜ್ಞೆ ಹೊರಡಿಸಿದ್ದು ಯಾರಮ್ಮ?"

"ನಾನೇ."

"ಹಂಗಾದ್ರೆ ಈಗ ನೀವೇ ವಾಪಸ್ ತಗೊಳಿ."

"ನಾನು ರಿಟೈರ್ ಆಗಿದೀನಿ. ಈಗ ನಂಗೆ ಆ ಅಧಿಕಾರ ಇಲ್ಲ."

ಅವರು ತಮಾಷೆ ಮಾಡುತ್ತಿದ್ದಾರೆಂದು ಕಾದೆ. ಮಾಡುತ್ತಿರಲಿಲ್ಲ. ಎಸ್ಟೇಟಿನ ಮ್ಯಾನೇಜರಿಗೆ ಒಂದು ಮನು ಬರೆದು ಅನುಮತಿ ಪಡೆಯಬಹುದು, ಉತ್ತರಕ್ಕೆ ಮೂರು ವಾರ ಬೇಕಾದೀತು ಎಂದೂ ಹೇಳಿದರು. ಜಮಾಬಂದಿಗೆ ಉಳಿದದ್ದು ಏಳು ದಿನ. ತಲೆ ಚಚ್ಚಿಕೊಳ್ಳುವುದೊಂದು ಬಾಕಿ. ಸಿಟ್ಟು ನುಂಗಿಕೊಂಡು, ಅವರಿಗೆ ತಿಳಿಯುವ ಹಾಗೆ ವಿವರಿಸಿದೆ: "ನೋಡಿ ಅಮ್ಮ, ಪ್ರಿಂಟರು ಹತ್ತನೇ ಲೈನಿನಲ್ಲಿದೆ. ನಾವೆಲ್ಲ ಒಂದನೇ ಲೈನಿನಲ್ಲಿದ್ದೀವಿ. ಕೂಗಿದ್ರೆ ಕೇಳಲ್ಲ. ಅದನ್ನ ನಮ್ಮ ಲೈನಿಗೆ ತರಬೇಕು, ಅಷ್ಟೇ."

ಅವರು ಒಂದು ಕ್ಷಣವೂ ಯೋಚಿಸಲಿಲ್ಲ. "ವಯಸ್ಸಾದದ್ದನ್ನ ಯಾಕೆ ಎಬ್ಬಿಸ್ತೀರಿ? ನಾವೆಲ್ಲ ಹತ್ತನೇ ಲೈನಿಗೆ ಹೋದ್ರೆ ಆಗಲ್ವಾ?"

ನಗಲು ಬಾಯಿ ತೆರೆದವನು ಹಾಗೇ ಮುಚ್ಚಿದೆ. ಆಗುತ್ತಿತ್ತು. ನಮ್ಮ ಡಬ್ಬಿಯ ಒಳಗೆ ಹೋಗಿ, ಅದು ಹಂಚುವ ನಂಬರಿನ ಸಾಲನ್ನೇ ಒಂದರಿಂದ ಹತ್ತಕ್ಕೆ ಬದಲಿಸಿದರೆ ಮುಗಿಯಿತು. ನಾಲ್ಕನೆಯ ಸಂಜೆ ಅದನ್ನೇ ಮಾಡಿದೆ. ಡಬ್ಬಿ ಆರಿ ಹತ್ತಿತು. ನನ್ನ ಫೋನು, ಹೆಂಡತಿಯ ಫೋನು, ಟೀವಿ, ಎಲ್ಲ ಒಂದೊಂದಾಗಿ ತಕರಾರಿಲ್ಲದೆ ಹತ್ತನೇ ಲೈನಿಗೆ ಹೋಗಿ ಸೇರಿಕೊಂಡವು. ಹಿತ್ತಲ ಗೇಟಿನ ಕ್ಯಾಮೆರಾ ಮಾತ್ರ ಹಳೆಯ ಲೈನಿನಲ್ಲೇ ಉಳಿದು ಕುರುಡಾಯಿತು, ಆ ವಾರ ಕಾಡುಹಂದಿಗಳು ನಮ್ಮ ಮರಗೆಣಸನ್ನು ಯಾರ ಕಣ್ಣಿಗೂ ಬೀಳದೆ ತಿಂದು ಹೋದವು. ಆದರೆ ಮಾಳಿಗೆಯಲ್ಲಿ ಆಫೀಸಮ್ಮ ಲ್ಯಾಪ್‌ಟಾಪಿನ ಮುಂದೆ ನೆಟ್ಟಗೆ ಕೂತು "ಅನುಪ್ಪುನರ್, ಪೆರುನರ್" ಎಂದು ತಮಿಳಿನ ಅರ್ಜಿ ಶುರು ಮಾಡುವ ರೀತಿಯಲ್ಲೇ ಶುರು ಮಾಡಿದರು, ಯಾರಿಂದ, ಯಾರಿಗೆ. ಅಕ್ಷರಗಳು ಮೂಡಿದವು. ಒಂದು ಗುಂಡಿ ಒತ್ತಿದರು. ನಾಲ್ಕು ವರ್ಷ ಮಲಗಿದ್ದ ಯಂತ್ರ ಕೆಮ್ಮಿತು, ಗುಡುಗಿತು, ಬೆಚ್ಚಗಿನ ಹಾಳೆಯನ್ನು ಹೊರಗೆ ಹಾಕಿತು. ಆಫೀಸಮ್ಮ ಅದನ್ನು ಎರಡು ಸಲ ಗಟ್ಟಿಯಾಗಿ ಓದಿದರು. ಕೇಳುವವನು ನಾನೊಬ್ಬನೇ. ನನ್ನ ಕಣ್ಣು ಒದ್ದೆಯಾದದ್ದನ್ನು ಅವರು ನೋಡಿ, "ಅದು ಇಲ್ಲೇ ಇರ್ಲಿ" ಎಂದರು.

ಭಾನುವಾರ ಬಂದ ಲೈನಿನವರಿಗೂ ಅದನ್ನು ಎರಡು ಸಲ ಓದಿ ಹೇಳಿದರು, ಕವರು ಮಾತ್ರ ಕೈಗೆ ಕೊಡಲಿಲ್ಲ. ಅದುವರೆಗೆ ಮನು ಬರೆದುಕೊಟ್ಟ ಮೇಲೆ ಅವರು ಯಾವ ಆಫೀಸಿಗೂ ಹೋದವರಲ್ಲ. ಈ ಸಲ ಅಚ್ಚಾದ ಕಾಗದವನ್ನು ಹೇಗೆ ತೆಗೆದುಕೊಳ್ಳುತ್ತಾರೋ ನೋಡಬೇಕು ಎಂದು ಹೊರಟರು. ನನ್ನ ಅಂಗಡಿಯ ವ್ಯಾನಿನಲ್ಲಿ ಪಂದಲೂರಿಗೆ ಹೋದೆವು. ತಾಲ್ಲೂಕು ಆಫೀಸಿನ ಅಂಗಳದಲ್ಲಿ ಜಾತ್ರೆಯಷ್ಟು ಜನ. ಆಫೀಸಮ್ಮನನ್ನು ನೆರಳಿನ ಬೆಂಚಿನಲ್ಲಿ ಕೂರಿಸಿ, ನಾನು ಕವರು ಹಿಡಿದು ಲೈನಿನವರನ್ನು ಹುಡುಕಿದೆ. ಸಾಲಿನಲ್ಲಿ ತಾಯಮ್ಮ ಸಿಕ್ಕಳು, ಮೋರಿಯ ಮನುವಿಗೆ ಮೊದಲ ಹೆಬ್ಬೆಟ್ಟು ಒತ್ತಬೇಕಾದವಳು, ಚಾಮರಾಜನಗರದಿಂದ ಬಂದು ಎಸ್ಟೇಟು ಸೇರಿದವರ ಮೊಮ್ಮಗಳು. ಜೊತೆಯಲ್ಲಿ ಆ ಲೈನಿನ ಬಾಲವಾಡಿ ಟೀಚರು ಸೆಲ್ವಿ. ಸೆಲ್ವಿಯ ಕಂಕುಳಲ್ಲಿ ಒಂದು ರಟ್ಟು, ರಟ್ಟಿನ ಮೇಲೆ ಕ್ಲಿಪ್ಪು ಹಾಕಿದ ಬಿಳಿ ಹಾಳೆಗಳು, ಕೈಯಲ್ಲಿ ಪೆನ್ನು.

ಕವರು ಒಡೆದು ಸೆಲ್ವಿ ಹಾಳೆಯನ್ನು ಬಿಡಿಸಿದಳು. ಮೇಲಿಂದ ಕೆಳಗಿನ ತನಕ ಓದಿದಳು. ಆಮೇಲೆ ಪೆನ್ನಿನ ಮುಚ್ಚಳ ಹಾಕಿ ಬ್ಯಾಗಿನೊಳಗೆ ಇಟ್ಟಳು.

"ಅಕ್ಕಾ, ಇವತ್ತು ನಂಗೆ ವೇಲೆ ಇಲ್ಲ" ಎಂದಳು ತಾಯಮ್ಮನಿಗೆ.

"ಏನು ಕೆಲಸ ಇಲ್ಲ?" ಎಂದು ನಾನು ಕೇಳಿದೆ.

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ತಾಯಮ್ಮ ನನ್ನನ್ನು ಕಂಬದ ಮರೆಗೆ ಕರೆದಳು. "ಅವ್ವಾರಿಗೆ ಯೋಳ್ಬ್ಯಾಡಿ ಕನಣ್ಣ. ಕೈ ಅದುರ್ತದಲ್ಲ ಅವ್ರಿಗೆ, ಬರ್ದುದ್ದು ಯಾರ್ಗೂ ಓದಕಾಗಲ್ಲ. ಎಲ್ಡು ವರ್ಸದಿಂದ ಹಂಗೇಯ. ಅವ್ರು ಎಲ್ಡು ದಪ ಓದಿ ಯೋಳ್ತಾರಲ್ಲ, ಅದ ನಾವು ಬಾಯ್‌ಪಾಟ ಮಾಡ್ಕೊಂಡ್ ಬತ್ತೀವಿ. ಬಸ್ನಾಗೆಲ್ಲ ಅದ್ನೇಯ ಅಂದ್ಕೊಂಡು. ಮನಿಗೆ ಬಂದು ಸೆಲ್ವಿಗೆ ಯೋಳ್ತೀವಿ, ಅವ್ಳು ಒಸದಾಗಿ ಬರೀತಾಳೆ. ಅದ ಕೊಡ್ತೀವಿ."

"ಸೆಲ್ವಿನೇ ಬರೆಯೋದಾದ್ರೆ, ಅಷ್ಟು ದೂರ ಯಾಕೆ ಬರ್ತೀರಿ?"

ಇದಕ್ಕೆ ಸೆಲ್ವಿ ಉತ್ತರ ಕೊಟ್ಟಳು. "ಕೈ ಮಾತ್ರ ನಂದು ಸಾರ್. ಮಾತು ಅವರದೇ. ನಾನೇ ಬರೆದ್ರೆ ಬರೀ ಅಳುಗೆನೇ ಇರುತ್ತೆ." ತಾಯಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. "ನಾವ್ ಓಗ್ನಿಲ್ಲ ಅಂದ್ರೆ ಅವ್ವ ಬಾನುವಾರ ಏನ್ ಮಾಡಾದು?" ಎಂದಳು.

ಮನು ಒಳಗೆ ಹೋಯಿತು. ಅಧಿಕಾರಿ ಓದಿ, ಎರಡು ಪ್ರಶ್ನೆ ಕೇಳಿ, ಮೇಲೆ ಏನೋ ಬರೆದು ಪಕ್ಕದವರಿಗೆ ಕೊಟ್ಟರು. ತಾಯಮ್ಮ ರಸೀದಿ ಹಿಡಿದು ಬೆಂಚಿನ ಹತ್ತಿರ ಬಂದಳು. ಆಫೀಸಮ್ಮ ಎದ್ದು ನಿಂತಿದ್ದರು, ಬಲಗೈಯನ್ನು ಸ್ವೆಟರಿನ ಜೇಬಿನಲ್ಲಿ ಬಚ್ಚಿಟ್ಟುಕೊಂಡು.

"ಓದಿದ್ರಾ? ಪೂರ್ತಿ ಓದಿದ್ರಾ?"

"ಓದುದ್ರು ಕನವ್ವ" ಎಂದಳು ತಾಯಮ್ಮ. "ಯಾವಾಗ್ಲೂ ಓದ್ತಾರಲ್ಲ, ಹಂಗೇಯ."

ವಾಪಸ್ ಬರುವಾಗ ವ್ಯಾನಿನಲ್ಲಿ ಆಫೀಸಮ್ಮ, ನಾಡುಗಾಣಿ ದಾಟಿ ಗೂಡಲೂರಿನ ಇಳಿಜಾರು ಶುರುವಾದಾಗ ನನ್ನ ಕಡೆ ತಿರುಗಿದರು. ಮುಖದಿಂದ ಎರಡು ವರ್ಷದ ಭಯ ಇಳಿದುಹೋಗಿತ್ತು.

"ಕೇಳಿದ್ರಾ ತಂಬಿ, ಯಾವಾಗ್ಲೂ ಹಂಗೇ ಓದ್ತಾರಂತೆ. ನನ್ನ ಕೈಬರಹಕ್ಕೆ ಏನೂ ಆಗಿಲ್ಲ. ನಾಲ್ಕು ದಿನ ನಿಮ್ಮನ್ನ ಸುಮ್ನೆ ಗೋಳು ಹೊಯ್ಕೊಂಡೆ."

"ಹೌದಮ್ಮ" ಎಂದೆ, ರಸ್ತೆಯ ಮೇಲಿಂದ ಕಣ್ಣು ತೆಗೆಯದೆ. "ಇನ್ನು ಪ್ರಿಂಟರ್ ಬೇಡ್ವಾ ಹಂಗಾದ್ರೆ?"

ಅವರು ಗಂಭೀರವಾಗಿ ಯೋಚಿಸಿದರು. "ಇರ್ಲಿ ಬಿಡಿ" ಎಂದರು. "ಪಾಪ, ಅದಕ್ಕೂ ಒಂದು ಕೆಲ್ಸ ಬೇಕಲ್ಲ."